ಎರಡು ದೋಣಿಯ ಮೇಲೆ ಕಾಲಿಟ್ಟ ಹನ್ನೊಂದು ವಾರ: ಮನೆಗೆ ಎರಡು ಇಂಟರ್ನೆಟ್ ಲೈನ್ ಜೋಡಿಸಿದ ಅನುಭವ

ಕಳೆದ ಭಾನುವಾರ ರಾತ್ರಿ ಕೊನೆಯ ಸೆಟ್ಟಿಂಗ್ ಸೇವ್ ಮಾಡಿ ಲ್ಯಾಪ್‌ಟಾಪ್ ಮುಚ್ಚಿದೆ. ಶುರು ಮಾಡುವಾಗ ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದೆ. ಹನ್ನೊಂದು ವಾರ ಹಿಡಿಯಿತು. ಅದರಲ್ಲಿ ಮೂರು ವಾರ ಬರೀ ಎರಡನೇ ಲೈನಿಗೆ ಕಾದದ್ದು. ಉಳಿದದ್ದರಲ್ಲಿ ಮುಕ್ಕಾಲು ಪಾಲು ನಾನೇ ಮಾಡಿದ ತಪ್ಪನ್ನು ನಾನೇ ಹುಡುಕಿದ್ದು. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇದೇ ದಾರಿಗೆ ಇಳಿಯುವವರಿಗೆ ನಾನು ಬಿದ್ದ ಗುಂಡಿಗಳಾದರೂ ಕಾಣಲಿ.

ಕಾರಣ ಇಷ್ಟೇ: ಮನೆಯ ಫೈಬರ್ ಒಮ್ಮೆ ಸತತ ನಾಲ್ಕು ದಿನ ಸತ್ತು ಮಲಗಿತು. ನಾನೂ ಹೆಂಡತಿಯೂ ಮನೆಯಿಂದಲೇ ಕೆಲಸ ಮಾಡುವವರು, ಮಗಳಿಗೆ ಆನ್‌ಲೈನ್ ಪರೀಕ್ಷೆ. ಒಂದೇ ಫೋನಿನ ಹಾಟ್‌ಸ್ಪಾಟ್‌ಗೆ ಮೂವರೂ ನೇತುಬಿದ್ದೆವು. ಗ್ರಾಹಕ ಸೇವೆಗೆ ಏಳು ಸಲ ಫೋನ್ ಮಾಡಿದೆ, ಏಳೂ ಸಲ ಅದೇ ಮಾತು: "ಸರ್, ಮೋಡೆಮ್ ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ?" ಮೋಡೆಮ್ ಮೇಲೆ ಎಲ್‌ಒಎಸ್ ಅನ್ನುವ ದೀಪ ಕೆಂಪಗೆ ಮಿಣುಕುತ್ತಿತ್ತು. ಹಾಗಂದರೆ ತಂತಿಯೊಳಗೆ ಬೆಳಕೇ ಬರುತ್ತಿಲ್ಲ ಎಂದರ್ಥ. ಮೋಡೆಮನ್ನು ನೂರು ಸಲ ಆಫ್ ಮಾಡಿದರೂ ಬೆಳಕು ಹುಟ್ಟುವುದಿಲ್ಲ. ನಿಮ್ಮ ಮನೆಯಲ್ಲಿ ಆ ದೀಪ ಕೆಂಪಾದರೆ ಮೊದಲ ವಾಕ್ಯದಲ್ಲೇ ಅದನ್ನು ಹೇಳಿ, ಹತ್ತು ನಿಮಿಷ ಉಳಿಯುತ್ತದೆ.

ಐದನೇ ದಿನ ಲೈನ್ ಬಂತು. ಆರನೇ ದಿನ ಎರಡನೇ ಕಂಪನಿಯ ಫೈಬರ್‌ಗೆ ಅರ್ಜಿ ಹಾಕಿದೆ.

ಗುರುತಿನ ಚೀಟಿ, ವಿಳಾಸದ ದಾಖಲೆ, ಗೋಡೆ ಕೊರೆಯಲು ಮನೆ ಮಾಲೀಕರ ಒಪ್ಪಿಗೆ ಪತ್ರ ಎಲ್ಲ ಕೊಟ್ಟೆ. ವಿಳಾಸದ ದಾಖಲೆಯಲ್ಲಿ ಮನೆ ಸಂಖ್ಯೆ ಒಂದು ರೀತಿ, ಅರ್ಜಿಯಲ್ಲಿ ಇನ್ನೊಂದು ರೀತಿ ಇದೆ ಅಂತ ವಾಪಸ್ ಬಂತು. ತಿದ್ದಿ ಮತ್ತೆ ಕೊಟ್ಟೆ. ಒಂದು ವಾರ ಕಳೆದ ಮೇಲೆ "ಫೀಸಿಬಿಲಿಟಿ ಚೆಕ್" ಮಾಡಲು, ಅಂದರೆ ಲೈನ್ ಎಳೆಯಲು ಆಗುತ್ತದೆಯೇ ಅಂತ ನೋಡಲು, ಒಬ್ಬ ಹುಡುಗ ಬಂದ. ಅವನ ಜೊತೆ ನಾನೂ ಬೀದಿಗೆ ಇಳಿದು ನೋಡುತ್ತಿದ್ದೆ. ಅವನು ಕೈ ತೋರಿಸಿದ್ದು ನನ್ನ ಹಳೆಯ ಫೈಬರ್ ಬರುವ ಅದೇ ಕಂಬಕ್ಕೆ.

"ಇಲ್ಲಿಂದಲೇ ಎಳೀತೀವಿ ಸರ್, ಆ ಕೇಬಲ್ ಪಕ್ಕದಲ್ಲೇ."

"ಆ ಕೇಬಲ್ ಹೋದ ತಿಂಗಳು ತುಂಡಾಗಿತ್ತಲ್ಲಪ್ಪ, ರಸ್ತೆ ಅಗೆದಾಗ?"

"ಹೌದು ಸರ್, ನಮ್ಮದೂ ಆಗಿತ್ತು."

ಅವನ ಪ್ರಾಮಾಣಿಕತೆಗೆ ನಾನು ಇವತ್ತಿಗೂ ಋಣಿ. ಕಂಪನಿ ಎರಡಾದರೂ ದಾರಿ ಒಂದೇ ಆದರೆ ಹೋಗುವುದು ಎರಡೂ ಒಟ್ಟಿಗೇ. ಅರ್ಜಿ ರದ್ದು ಮಾಡಿದೆ. ಕಟ್ಟಿದ ಮುಂಗಡ ವಾಪಸ್ ಬರಲು ಮತ್ತೆ ಎರಡು ವಾರ, ಅದು ಬೇರೆ ಕಥೆ. ಬದಲಿಗೆ ಸಿಮ್ ಹಾಕುವ ಮನೆಬಳಕೆಯ ಮೊಬೈಲ್ ರೂಟರ್ ತಂದೆ. ವೇಗ ಫೈಬರ್‌ನ ಮೂರನೇ ಒಂದು ಭಾಗ, ತಿಂಗಳಿಗೆ ಇಷ್ಟೇ ಡೇಟಾ ಅನ್ನುವ ಮಿತಿ ಬೇರೆ. ಆದರೂ ಅದು ಗಾಳಿಯಲ್ಲಿ ಬರುತ್ತದೆ, ಅಗೆದರೆ ಸಾಯುವುದಿಲ್ಲ. ಎರಡನೇ ಲೈನ್ ಆರಿಸುವಾಗ ವೇಗಕ್ಕಿಂತ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ: ಮೊದಲನೆಯದನ್ನು ಕೊಲ್ಲುವ ಕಾರಣವೇ ಇದನ್ನೂ ಕೊಲ್ಲುತ್ತದೆಯೇ?

ಮೊದಲ ಹತ್ತು ದಿನ ಮನೆಯಲ್ಲಿ ಎರಡು ವೈಫೈ ಹೆಸರು. ಫೈಬರ್ ಹೋದರೆ ಇನ್ನೊಂದಕ್ಕೆ ಹಾರಿ ಅಂತ ಎಲ್ಲರಿಗೂ ಹೇಳಿಟ್ಟೆ. ಕೇಳಲು ಸುಲಭ. ಟಿವಿ ತಾನಾಗಿ ಹಾರುವುದಿಲ್ಲ, ಪ್ರಿಂಟರ್ ಒಂದು ವೈಫೈನಲ್ಲಿ ಲ್ಯಾಪ್‌ಟಾಪ್ ಇನ್ನೊಂದರಲ್ಲಿ, ಫೋನ್ ಮಾತ್ರ ಸಿಗ್ನಲ್ ಪೂರ್ತಿ ಇದೆಯಲ್ಲ ಅಂತ ಸತ್ತ ವೈಫೈಯನ್ನೇ ಅಪ್ಪಿಕೊಂಡಿರುತ್ತದೆ. ಮೂಲೆಯಲ್ಲಿ ನೆಟ್ ಕೇಬಲ್ ಸಿಕ್ಕಿಸುವ ಎರಡು ಸಣ್ಣ ಕಿಂಡಿಗಳಿರುವ ಹಳೆಯ ಮಿನಿ ಕಂಪ್ಯೂಟರ್ ಒಂದು ಧೂಳು ತಿನ್ನುತ್ತಿತ್ತು. ಅದಕ್ಕೆ ಯುಎಸ್‌ಬಿಯಿಂದ ಮೂರನೇ ಈಥರ್ನೆಟ್ ಕಿಂಡಿ ಸಿಕ್ಕಿಸಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದೆ. ಒಂದು ಕಿಂಡಿ ಫೈಬರ್‌ಗೆ, ಒಂದು ಮೊಬೈಲ್ ರೂಟರ್‌ಗೆ, ಒಂದು ಮನೆಯೊಳಗಿನ ವೈಫೈಗೆ. ಈಗ ಇದೇ ಮನೆಯ ಹೆಬ್ಬಾಗಿಲು.

ಮೊದಲ ದಿನವೇ ಅರ್ಧ ದಿನ ಹಾಳು. ಏನು ಮಾಡಿದರೂ ಒಮ್ಮೆ ನೆಟ್ ಬರುತ್ತದೆ, ಒಮ್ಮೆ ಇಲ್ಲ. ಕೇಬಲ್ ಬದಲಿಸಿದೆ, ಯುಎಸ್‌ಬಿ ಕಿಂಡಿಯನ್ನು ಬೈದೆ. ಕೊನೆಗೆ ಕಾಗದದ ಮೇಲೆ ವಿಳಾಸಗಳನ್ನು ಬರೆದು ನೋಡಿದಾಗ ನಗು ಬಂತು. ಫೈಬರ್ ಮೋಡೆಮ್ 192.168.1.1. ಮೊಬೈಲ್ ರೂಟರ್ 192.168.1.1. ನಾನು ಮನೆಯೊಳಗಿನ ಜಾಲಕ್ಕೆ ಕೊಟ್ಟದ್ದೂ 192.168.1.1. ಮೂರು ಮನೆಗೆ ಒಂದೇ ಮನೆ ನಂಬರ್ ಕೊಟ್ಟು ಅಂಚೆಯವನನ್ನು ಬೈದರೆ ಹೇಗೆ? ಮೊಬೈಲ್ ರೂಟರನ್ನು 192.168.2.1ಕ್ಕೆ, ಮನೆಯ ಜಾಲವನ್ನು 192.168.10.1ಕ್ಕೆ ಬದಲಿಸಿದೆ, ಎಲ್ಲ ಸರಿಹೋಯಿತು. ಇದನ್ನು ಎಲ್ಲಕ್ಕಿಂತ ಮೊದಲು ಮಾಡಿ. ಮೋಡೆಮನ್ನು ಬ್ರಿಡ್ಜ್ ಮೋಡ್‌ಗೆ, ಅಂದರೆ ತಾನು ವಿಳಾಸ ಬದಲಿಸದೆ ಸುಮ್ಮನೆ ದಾಟಿಸುವಂತೆ ಹಾಕಲು ಕಂಪನಿ ಒಪ್ಪಿದರೆ ಇನ್ನೂ ಒಳ್ಳೆಯದು. ನನ್ನ ಫೈಬರ್‌ನವರು ಒಪ್ಪಲಿಲ್ಲ, ಹಾಗಾಗಿ ವಿಳಾಸ ಎರಡು ಸಲ ಬದಲಾಗುವ ಡಬಲ್ ನ್ಯಾಟ್‌ನಲ್ಲೇ ಸಂಸಾರ ನಡೆಸುತ್ತಿದ್ದೇನೆ. ನಿತ್ಯದ ಬಳಕೆಗೆ ಅದರಿಂದ ತೊಂದರೆ ಕಂಡಿಲ್ಲ.

ಈಗ ಆಸೆ ಹುಟ್ಟಿತು. ಎರಡು ಲೈನಿಗೂ ದುಡ್ಡು ಕೊಡುತ್ತಿದ್ದೇನೆ, ಒಂದನ್ನು ಸುಮ್ಮನೆ ಕೂರಿಸುವುದೇಕೆ, ಟ್ರಾಫಿಕ್ ಹಂಚಿಬಿಡೋಣ ಅಂತ.

ಲಿನಕ್ಸ್‌ನಲ್ಲಿ ದಾರಿ ಹೇಳುವ ಪಟ್ಟಿಗಳಿಗೆ ರೂಟಿಂಗ್ ಟೇಬಲ್ ಅನ್ನುತ್ತಾರೆ. ಸಾಮಾನ್ಯವಾಗಿ ಎಲ್ಲವೂ ಮೇನ್ ಅನ್ನುವ ಟೇಬಲ್ ನೋಡಿ ಹೋಗುತ್ತವೆ, ಅದರ ಸಂಖ್ಯೆ 254. ನಾನು ಇನ್ನೆರಡು ಟೇಬಲ್ ಮಾಡಿದೆ: 101ರಲ್ಲಿ "ಎಲ್ಲವೂ ಫೈಬರ್ ಕಡೆಗೆ", 102ರಲ್ಲಿ "ಎಲ್ಲವೂ ಮೊಬೈಲ್ ಕಡೆಗೆ". ಮನೆಯಿಂದ ಹೊರಡುವ ಹೊಸ ಸಂಪರ್ಕಗಳಿಗೆ, ಹೋಗಿಬರುವುದನ್ನೆಲ್ಲ ತಪಾಸಣೆ ಮಾಡುವ ಫೈರ್‌ವಾಲ್‌ನಲ್ಲಿ ಸರದಿಯಂತೆ 1 ಅಥವಾ 2 ಅಂತ ಗುರುತು, ಅಂದರೆ ಮಾರ್ಕ್ ಹಾಕಿದೆ. ಗುರುತು 1 ಇದ್ದರೆ 101 ನೋಡು, 2 ಇದ್ದರೆ 102 ನೋಡು ಅಂತ ಐಪಿ ರೂಲ್ ಬರೆದೆ. ಕಾಗದದ ಮೇಲೆ ಅಚ್ಚುಕಟ್ಟು. ಬ್ರೌಸರ್ ತೆರೆದರೆ ಕೆಲವು ಪುಟ ತಟ್ಟನೆ ಬರುತ್ತಿತ್ತು, ಕೆಲವು ಚಕ್ರ ತಿರುಗುತ್ತಲೇ ಇರುತ್ತಿತ್ತು.

"ಏನ್ ಮುಟ್ಟಿದ್ರಿ?" ಒಳಗಿನಿಂದ ಹೆಂಡತಿಯ ದನಿ. ಆ ವಾರ ಮನೆಯಲ್ಲಿ ಅತಿ ಹೆಚ್ಚು ಕೇಳಿಸಿದ ವಾಕ್ಯ ಅದು.

ಮೂರು ರಾತ್ರಿ ಅಂದಾಜಿನಲ್ಲಿ ಕಳೆದೆ. ನಾಲ್ಕನೇ ರಾತ್ರಿ ಬುದ್ಧಿ ಬಂದು ಟಿಸಿಪಿಡಂಪ್ ಎಂಬ ತಂತ್ರಾಂಶ ಹಚ್ಚಿದೆ. ಎರಡು ಕಿಟಕಿ ತೆರೆದು, ಎಡಗಡೆ ಫೈಬರ್ ಕಿಂಡಿಯಲ್ಲಿ ಹಾಯುವುದೆಲ್ಲ, ಬಲಗಡೆ ಮೊಬೈಲ್ ಕಿಂಡಿಯಲ್ಲಿ ಹಾಯುವುದೆಲ್ಲ ಕಾಣುವಂತೆ ಮಾಡಿ ಒಂದೇ ಒಂದು ಪುಟ ತೆರೆದೆ. ಎಡಗಡೆ ಸಾಲು ಬಂತು: 192.168.1.2ರಿಂದ ಸರ್ವರ್‌ಗೆ ಸಿನ್, ಅಂದರೆ "ಮಾತಾಡಬಹುದೇ?" ಮರುಕ್ಷಣ ಎಡಗಡೆಯಲ್ಲೇ ಸರ್ವರ್‌ನಿಂದ ಸಿನ್-ಆ್ಯಕ್, "ಆಗಲಿ, ಮಾತಾಡು". ಇನ್ನು ನಮ್ಮ ಕಡೆಯಿಂದ ಆ್ಯಕ್, ಅಂದರೆ "ಸರಿ, ಕೇಳಿಸಿತು", ಹೋಗಬೇಕು. ಎಡಗಡೆ ಏನೂ ಇಲ್ಲ. ಕಣ್ಣು ಬಲಗಡೆಗೆ ಹೊರಳಿತು. ಅಲ್ಲಿ, ಮೊಬೈಲ್ ಕಿಂಡಿಯಲ್ಲಿ, 192.168.1.2ರಿಂದ ಆ್ಯಕ್ ಹೊರಟಿತ್ತು. 192.168.1.2 ಫೈಬರ್ ಕಡೆಯ ವಿಳಾಸ. ಅದು ಮೊಬೈಲ್ ತಂತಿಯ ಮೇಲೆ ಕಾಣಿಸಲೇ ಬಾರದು. ಒಂದು ಬಾಗಿಲಲ್ಲಿ ನಮಸ್ಕಾರ ಹೇಳಿ, ಮಾತು ಮುಂದುವರಿಸಲು ಇನ್ನೊಂದು ಬಾಗಿಲಿಗೆ ಹೋಗಿ ನಿಂತ ಹಾಗೆ. ಎದುರಿನ ಸರ್ವರ್ ಮೊದಲ ಬಾಗಿಲಲ್ಲೇ ಕಾದು ಕಾದು "ಆಗಲಿ, ಮಾತಾಡು" ಅಂತ ಮತ್ತೆ ಮತ್ತೆ ಹೇಳುತ್ತಿತ್ತು.

ನನ್ನ ತಪ್ಪು ಏನೆಂದರೆ ಗುರುತು ಹಾಕಿದ್ದು ಸಂಪರ್ಕದ ಮೊದಲ ಪ್ಯಾಕೆಟ್‌ಗೆ, ಅಂದರೆ ಡೇಟಾದ ಮೊದಲ ತುಣುಕಿಗೆ ಮಾತ್ರ. ಎರಡನೆಯದಕ್ಕೆ ಗುರುತೇ ಇಲ್ಲದೆ ಅದು ಮೇನ್ ಟೇಬಲ್ ನೋಡಿಕೊಂಡು ಹೋಗುತ್ತಿತ್ತು. ಮೇನ್ ಟೇಬಲ್ ಆಗ ಮೊಬೈಲ್ ಕಡೆ ಕೈ ತೋರಿಸುತ್ತಿತ್ತು. ಲಿನಕ್ಸ್ ಪ್ರತಿ ಸಂಪರ್ಕದ ಲೆಕ್ಕವನ್ನು ಕಾನ್‌ಟ್ರ್ಯಾಕ್ ಎಂಬ ಪುಸ್ತಕದಲ್ಲಿ ಇಡುತ್ತದೆ. ಮೊದಲ ಪ್ಯಾಕೆಟ್‌ನ ಗುರುತನ್ನು ಆ ಪುಸ್ತಕಕ್ಕೆ ಬರೆಯಬೇಕು, ಅದಕ್ಕೆ ಸೇವ್-ಮಾರ್ಕ್. ಮುಂದಿನ ಪ್ರತಿ ಪ್ಯಾಕೆಟ್ ಬಂದಾಗ ದಾರಿ ಹುಡುಕುವ ಮೊದಲೇ ಪುಸ್ತಕ ನೋಡಿ ಅದೇ ಗುರುತನ್ನು ಮರಳಿ ಹಚ್ಚಬೇಕು, ಅದಕ್ಕೆ ರಿಸ್ಟೋರ್-ಮಾರ್ಕ್. ನಾನು ಸೇವ್ ಬರೆದಿದ್ದೆ, ರಿಸ್ಟೋರ್ ಮರೆತಿದ್ದೆ. ಒಂದು ಸಾಲು. ಹಂಚುವುದು ಎಷ್ಟು ಸುಲಭ, ಹಂಚಿದ ಮೇಲೆ ಒಂದು ಮಾತುಕತೆಯನ್ನು ಮುಗಿಯುವವರೆಗೆ ಒಂದೇ ದಾರಿಯಲ್ಲಿ ಇಡುವುದು ಎಷ್ಟು ಕಷ್ಟ ಅಂತ ಆ ರಾತ್ರಿ ಗೊತ್ತಾಯಿತು. ಮುಂದೆ ಬಂದ ಬಹುತೇಕ ತೊಂದರೆಗಳೂ ಇದೇ ತೊಂದರೆಯ ಬೇರೆ ಬೇರೆ ವೇಷ.

ಅಷ್ಟಾಗಿ ಮೇನ್ ಟೇಬಲನ್ನು ಫೈಬರ್ ಕಡೆ ತಿರುಗಿಸಿದ ಮೇಲೆ, ಮೊಬೈಲ್ ಕಡೆ ಹೋದ ಸಂಪರ್ಕಗಳು ನಡೆಯಲಿಲ್ಲ. ಈ ಸಲ ನೋಟವೇ ಬೇರೆ: ಉತ್ತರ ಕಿಂಡಿಯವರೆಗೆ ಬಂದದ್ದು ಟಿಸಿಪಿಡಂಪ್‌ನಲ್ಲಿ ಕಾಣುತ್ತಿತ್ತು, ಮನೆಯೊಳಗೆ ಬರುತ್ತಿರಲಿಲ್ಲ. ಯಾವ ದೂರೂ ಇಲ್ಲದೆ ನಡುವೆ ಮಾಯ. ಇದರ ಹಿಂದೆ ಇದ್ದದ್ದು ಆರ್‌ಪಿ ಫಿಲ್ಟರ್. ಒಳಬಂದ ಪ್ಯಾಕೆಟ್‌ನ ಮೂಲಕ್ಕೆ ವಾಪಸ್ ಹೋಗುವ ದಾರಿ ಅದೇ ಕಿಂಡಿಯಲ್ಲಿ ಇದೆಯೇ ಅಂತ ಲಿನಕ್ಸ್‌ನ ತಿರುಳಾದ ಕರ್ನಲ್ ಕೇಳುತ್ತದೆ. ಇಲ್ಲದಿದ್ದರೆ ಸುಳ್ಳು ವಿಳಾಸದ ಪ್ಯಾಕೆಟ್ ಅಂದುಕೊಂಡು ಎಸೆಯುತ್ತದೆ. 0 ಅಂದರೆ ಪರೀಕ್ಷೆ ಇಲ್ಲ, 1 ಅಂದರೆ ಕಟ್ಟುನಿಟ್ಟು, 2 ಅಂದರೆ ಸಡಿಲ. ನಾನು ಮೊಬೈಲ್ ಕಿಂಡಿಗೆ 0 ಕೊಟ್ಟೆ, ಏನೂ ಬದಲಾಗಲಿಲ್ಲ. ತಲೆ ಕೆಟ್ಟುಹೋಯಿತು. ಆಮೇಲೆ ತಿಳಿದದ್ದು: "ಆಲ್" ಅನ್ನುವ ಸಾಮಾನ್ಯ ಮೌಲ್ಯ ಮತ್ತು ಆ ಕಿಂಡಿಯ ಮೌಲ್ಯ, ಇವೆರಡರಲ್ಲಿ ದೊಡ್ಡದೇ ಜಾರಿಗೆ ಬರುತ್ತದೆ. ಆಲ್ 1 ಇದ್ದಾಗ ಕಿಂಡಿಗೆ 0 ಕೊಟ್ಟರೆ ಸಿಗುವುದು 1. ಕಿಂಡಿಗೆ 2 ಕೊಟ್ಟೆ, ಕೆಲಸ ಆಯಿತು.

ಈಗ ಎರಡೂ ಲೈನ್ ದುಡಿಯುತ್ತಿದ್ದವು. ಸಂಭ್ರಮದಿಂದ ಒಂದು ದೊಡ್ಡ ಫೈಲ್ ಡೌನ್‌ಲೋಡ್‌ಗೆ ಹಾಕಿದೆ. ವೇಗ ಮೊದಲಿನಷ್ಟೇ, ಒಂದಿಷ್ಟೂ ಹೆಚ್ಚಿಲ್ಲ. ಒಂದು ಡೌನ್‌ಲೋಡ್ ಅಂದರೆ ಒಂದು ಸಂಪರ್ಕ, ಅದು ಒಂದೇ ದಾರಿಯಲ್ಲಿ ಹೋಗಬೇಕು ಅಂತ ನಾನೇ ಮೂರು ರಾತ್ರಿ ಒದ್ದಾಡಿದ್ದೆನಲ್ಲ! ಹತ್ತು ಜನ ಹತ್ತು ಕೆಲಸ ಮಾಡುವಾಗ ಒಟ್ಟು ಸಾಮರ್ಥ್ಯ ಹೆಚ್ಚುತ್ತದೆ, ಒಬ್ಬರ ಒಂದು ಕೆಲಸ ಬೇಗ ಮುಗಿಯುವುದಿಲ್ಲ. ಎರಡನ್ನೂ ನಿಜವಾಗಿ ಹೊಸೆದು ಒಂದು ಹಗ್ಗ ಮಾಡಬೇಕಾದರೆ ಹೊರಗೆ ಎಲ್ಲೋ ಒಂದು ಬಾಡಿಗೆ ಸರ್ವರ್ ಬೇಕು. ಮನೆಯಲ್ಲಿ ಬಿಡಿಸಿ ಕಳಿಸಿದ್ದನ್ನು ಅದು ಅಲ್ಲಿ ಕೂಡಿಸಬೇಕು. ಇದಕ್ಕೆ ಮಲ್ಟಿಪಾತ್ ಟಿಸಿಪಿ ಎಂಬ ವಿಧಾನವಿದೆ, 2020ರಲ್ಲಿ ಆರ್‌ಎಫ್‌ಸಿ 8684 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಅದರ ಈಗಿನ ರೂಪ ಬಂದಿದೆ. ಮೂರನೇ ಬಿಲ್ ಕಟ್ಟುವ ಮನಸ್ಸಾಗಲಿಲ್ಲ. ಮೂಗಿಗಿಂತ ಮೂಗುತಿ ಭಾರ ಆಗುತ್ತಿತ್ತು.

ಹಂಚಿಕೆಯ ಸುಖ ಒಂಬತ್ತು ದಿನ. ಬ್ಯಾಂಕಿನ ಜಾಲತಾಣ ಲಾಗಿನ್ ಆದ ಕೂಡಲೇ ಹೊರಗೆ ದಬ್ಬತೊಡಗಿತು. ಪುಟ ಒಂದು ಸರ್ವರ್‌ನಿಂದ, ಒಟಿಪಿ ಪರಿಶೀಲನೆ ಇನ್ನೊಂದರಿಂದ. ಒಂದಕ್ಕೆ ನಾನು ಫೈಬರ್ ವಿಳಾಸದಿಂದ ಹೋಗಿದ್ದೇನೆ, ಇನ್ನೊಂದಕ್ಕೆ ಮೊಬೈಲ್ ವಿಳಾಸದಿಂದ. ಅವರ ಕಣ್ಣಿಗೆ ಒಬ್ಬನೇ ಗ್ರಾಹಕ ಒಂದೇ ನಿಮಿಷದಲ್ಲಿ ಎರಡು ಕಡೆ ಇದ್ದಾನೆ. ಅನುಮಾನ ಪಟ್ಟದ್ದು ಸರಿಯೇ. ಮಗಳ ಪರೀಕ್ಷೆಯ ತಂತ್ರಾಂಶವೂ ಹೀಗೇ ಒಮ್ಮೆ ಹೊರಹಾಕಿತು. ಪುಣ್ಯಕ್ಕೆ ಅದು ಅಭ್ಯಾಸ ಪರೀಕ್ಷೆ. "ಅಪ್ಪಾ, ದಯವಿಟ್ಟು ಮುಂದಿನ ವಾರ ಏನೂ ಮುಟ್ಬೇಡ," ಅಂದಳು. ಒಂದು ವಾರ ಕೈ ಕಟ್ಟಿಕೊಂಡು ಕೂತೆ.

ಆ ವಾರದಲ್ಲಿ ಯೋಚಿಸಿ ಹಂಚಿಕೆಯನ್ನೇ ಬಿಟ್ಟೆ. ನನ್ನ ಅಭಿಪ್ರಾಯ ಖಂಡಿತವಾಗಿ ಹೇಳುತ್ತೇನೆ: ಎರಡು ಲೈನ್‌ಗಳ ವೇಗ ಸರಿಸುಮಾರು ಸಮ ಇಲ್ಲದಿದ್ದರೆ, ಒಂದಕ್ಕೆ ಡೇಟಾ ಮಿತಿ ಇದ್ದರೆ, ಮನೆಗೆ ಬೇಕಾದದ್ದು ಲೋಡ್ ಬ್ಯಾಲೆನ್ಸಿಂಗ್ ಎಂಬ ಈ ಹಂಚಿಕೆ ಅಲ್ಲ, ಫೇಲೋವರ್. ಒಂದು ಸತ್ತರೆ ಇನ್ನೊಂದು, ಅಷ್ಟೇ.

ಇದರ ಜೊತೆಗೆ ಮಿನಿ ಕಂಪ್ಯೂಟರ್‌ನಿಂದಲೂ ಹೊರಬಂದೆ. ನಾನು ಊರಲ್ಲಿ ಇಲ್ಲದಾಗ ಅದು ಕೈಕೊಟ್ಟರೆ ಮನೆಯಲ್ಲಿ ಯಾರು ಏನು ಮಾಡಬೇಕು? ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಬಹುದಾದ ರೂಟರ್ ಒಂದನ್ನು ತಂದು, ಅದರ ಒಂದು ಲ್ಯಾನ್ (ಮನೆಯೊಳಗಿನ ಜಾಲದ) ಕಿಂಡಿಯನ್ನು ವಿಎಲ್ಯಾನ್ ಮಾಡಿ, ಅಂದರೆ ಉಳಿದವುಗಳಿಂದ ಬೇರ್ಪಡಿಸಿ, ಎರಡನೇ ವ್ಯಾನ್ (ಹೊರಗಿನ ಲೈನಿನ ಕಿಂಡಿ) ಆಗಿಸಿ, ಹಲವು ಲೈನ್ ನಿಭಾಯಿಸುವ ಎಂವ್ಯಾನ್3 ಪ್ಯಾಕೇಜ್ ಹಾಕಿದೆ. ನಾನು ಕೈಯಲ್ಲಿ ಬರೆದ ಗುರುತು, ಟೇಬಲ್, ರೂಲ್ ಎಲ್ಲವನ್ನೂ ಅದು ತಾನೇ ಬರೆಯುತ್ತದೆ. ಬೆಟ್ಟ ಅಗೆದು ಇಲಿ ಹಿಡಿದೆ ಅನ್ನಬಹುದು, ಆದರೆ ಮೊದಲು ಕೈಯಲ್ಲಿ ಮಾಡಿದ್ದರಿಂದಲೇ ಇದರ ಪುಟಗಳು ನನಗೆ ಅರ್ಥವಾದವು. ಎರಡು ಕಡೆ ಎಡವುತ್ತೀರಿ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಎರಡು ವ್ಯಾನ್‌ಗಳಿಗೂ ಬೇರೆ ಬೇರೆ ಮೆಟ್ರಿಕ್, ಅಂದರೆ ಆದ್ಯತೆಯ ಸಂಖ್ಯೆ ಕೊಡಲೇಬೇಕು. ನಾನು ಫೈಬರ್‌ಗೆ 10, ಮೊಬೈಲ್‌ಗೆ 20 ಕೊಟ್ಟೆ. ಎಂವ್ಯಾನ್3 ಒಳಗೆ ಮೆಂಬರ್‌ಗಳಿಗೂ, ಅಂದರೆ ಅದಕ್ಕೆ ಸೇರಿಸಿದ ಲೈನ್‌ಗಳಿಗೂ, ಮೆಟ್ರಿಕ್ ಅಂತ ಇನ್ನೊಂದಿದೆ, ಅದು ಬೇರೆಯೇ: ಅಲ್ಲಿ ಇಬ್ಬರಿಗೂ ಒಂದೇ ಸಂಖ್ಯೆ ಇದ್ದರೆ ಹಂಚಿಕೆ, ಬೇರೆ ಇದ್ದರೆ ಸಣ್ಣ ಸಂಖ್ಯೆಯದು ಮೊದಲು, ಅದು ಸತ್ತರೆ ಮುಂದಿನದು. ರೂಲ್‌ಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ್ದೇ ಕೊನೆ. ಟಿವಿಗೆ "ಫೈಬರ್ ಮಾತ್ರ" ಅನ್ನುವ ರೂಲನ್ನು ನಾನು ಎಲ್ಲಕ್ಕಿಂತ ಕೆಳಗೆ ಇಟ್ಟು, ಕೆಲಸ ಮಾಡುತ್ತಿಲ್ಲ ಅಂತ ಒಂದು ಸಂಜೆ ಕಳೆದೆ.

ಟಿವಿಗೆ ಆ ರೂಲ್ ಯಾಕೆ ಅಂತ ಕೇಳುತ್ತೀರಾ? ಒಂದು ರಾತ್ರಿ ಫೈಬರ್ ಹೋಗಿ, ಎಲ್ಲವೂ ಚೊಕ್ಕವಾಗಿ ಮೊಬೈಲ್‌ಗೆ ಹಾರಿ, ಟಿವಿ ಮಾತ್ರ ಯಾರೂ ನೋಡದೆ ಬೆಳಗಿನವರೆಗೆ ಒಂದರ ಹಿಂದೊಂದು ಕಂತು ಓಡಿಸುತ್ತಿತ್ತು. ಸೆಕೆಂಡಿಗೆ 5 ಮೆಗಾಬಿಟ್‌ನ ವಿಡಿಯೊ ಗಂಟೆಗೆ 2.25 ಜಿಬಿ ತಿನ್ನುತ್ತದೆ. ಏಳು ಗಂಟೆಗೆ ಲೆಕ್ಕ ಹಾಕಿ. ತಿಂಗಳ ಕೊನೆಯಲ್ಲಿ ಟಾಪ್-ಅಪ್ ಹಾಕಿಸಬೇಕಾಯಿತು.

ಇನ್ನು ಲೈನ್ ಸತ್ತಿದೆ ಅಂತ ರೂಟರ್‌ಗೆ ಗೊತ್ತಾಗುವುದು ಹೇಗೆ? ಬೀದಿಯಲ್ಲಿ ಫೈಬರ್ ತುಂಡಾದರೂ ಮೋಡೆಮ್‌ನಿಂದ ರೂಟರ್‌ಗೆ ಬರುವ ಕೇಬಲ್ ಜೀವಂತವಾಗಿಯೇ ಇರುತ್ತದೆ, ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಹಾಗಾಗಿ ಆಗಾಗ ಪಿಂಗ್ ಮಾಡಿ, ಅಂದರೆ "ಇದ್ದೀಯಾ?" ಅಂತ ಪುಟ್ಟ ಸಂದೇಶ ಕಳಿಸಿ, ಉತ್ತರ ಬರುತ್ತದೆಯೇ ನೋಡಬೇಕು. ಮೊದಲು ನಾನು ಮೋಡೆಮನ್ನೇ ಪಿಂಗ್ ಮಾಡಿಸಿದೆ. ಪಕ್ಕದ ಕೋಣೆಯವನನ್ನು ಕೇಳಿ ಊರು ಕ್ಷೇಮವಾಗಿದೆ ಅಂತ ನಂಬಿದ ಹಾಗೆ; ಅದು ಯಾವತ್ತೂ ಚೆನ್ನಾಗಿಯೇ ಇತ್ತು. ಆಮೇಲೆ ಹೊರಗಿನ ಸರ್ವರ್ ಆದ 8.8.8.8 ಒಂದನ್ನೇ ಇಟ್ಟೆ. ಒಂದೇ ಗುರಿಯಾದರೆ ಅದು ಉತ್ತರ ಕೊಡದಿದ್ದಾಗ ಸುಮ್ಮನೆ ಲೈನ್ ಬದಲಾಗುತ್ತದೆ. ಈಗ 8.8.8.8, 1.1.1.1, 9.9.9.9 ಮೂರನ್ನೂ ಇಟ್ಟಿದ್ದೇನೆ, ಮೂರೂ ಬೇರೆ ಬೇರೆ ಸಂಸ್ಥೆಗಳವು. ಕೈಯಲ್ಲೇ ಬರೆಯುವವರು ಒಂದು ನೆನಪಿಡಿ: ಆ ಪಿಂಗ್ ಆಯಾ ಕಿಂಡಿಯಿಂದಲೇ ಹೊರಡುವಂತೆ ಕಟ್ಟಿಹಾಕಬೇಕು. ಇಲ್ಲದಿದ್ದರೆ ಫೈಬರ್ ಸತ್ತಾಗ ಪಿಂಗ್ ಮೊಬೈಲ್ ಕಡೆಯಿಂದ ಹೋಗಿ, ಉತ್ತರ ತಂದು, ಫೈಬರ್ ಬದುಕಿದೆ ಅಂತ ಸಾಕ್ಷಿ ಹೇಳುತ್ತದೆ.

ಐದು ಸೆಕೆಂಡಿಗೊಮ್ಮೆ ಪಿಂಗ್, ಸತತ ಮೂರು ಸಲ ತಪ್ಪಿದರೆ ಲೈನ್ ಸತ್ತಿದೆ, ಸತತ ಹತ್ತು ಸಲ ಸರಿ ಬಂದರೆ ಮಾತ್ರ ಬದುಕಿದೆ. ಸಾಯಿಸಲು ಅವಸರ ಇರಲಿ, ಬದುಕಿಸಲು ಬೇಡ. ಮೊದಲು ಎರಡಕ್ಕೂ ಮೂರೇ ಇಟ್ಟಿದ್ದೆ. ತಂತಿ ಕೂಡಿಸುವವರು ಬೀದಿಯಲ್ಲಿ ಕೆಲಸ ಮಾಡುತ್ತಿದ್ದ ಮಧ್ಯಾಹ್ನ ಅರ್ಧ ಗಂಟೆಯಲ್ಲಿ ಹದಿನಾಲ್ಕು ಸಲ ಅತ್ತಿಂದಿತ್ತ ಹಾರಿತು. ಅದಕ್ಕಿಂತ ನೆಟ್ ಇಲ್ಲದಿದ್ದರೇ ವಾಸಿ. ಪಿಂಗ್‌ಗೆ ಡೇಟಾ ಎಷ್ಟು ಹೋಗುತ್ತದೆ ಅನ್ನುವ ಭಯ ನನಗೂ ಇತ್ತು. ಹೋಗಿ ಬರುವುದು ಸೇರಿ ಒಂದಕ್ಕೆ 168 ಬೈಟ್. ದಿನಕ್ಕೆ ಒಂದು ಗುರಿಗೆ ಸುಮಾರು 2.9 ಎಂಬಿ, ಮೂರಕ್ಕೆ ತಿಂಗಳಿಗೆ 260 ಎಂಬಿ ಆಸುಪಾಸು. ನನ್ನ ಮಿತಿಯಲ್ಲಿ ನಡೆಯುತ್ತದೆ. ನಿಮ್ಮದು ತೀರಾ ಸಣ್ಣ ಪ್ಯಾಕ್ ಆದರೆ ಮೊಬೈಲ್ ಕಡೆ ನಿಮಿಷಕ್ಕೊಮ್ಮೆ ಸಾಕು.

ಪರೀಕ್ಷೆಯ ದಿನ ಬಂತು. ಫೈಬರ್ ಮೋಡೆಮ್‌ನ ಹಿಂದೆ ಕೈ ಹಾಕಿ ಬೆಳಕು ತರುವ ಹಳದಿ ಫೈಬರ್ ತಂತಿಯನ್ನು ಮೆಲ್ಲಗೆ ಎಳೆದೆ. ಪರೀಕ್ಷೆಗೆ ಈಥರ್ನೆಟ್ ಕೇಬಲ್ ಎಳೆಯಬೇಡಿ, ಅದು ರೂಟರ್‌ಗೆ ತಕ್ಷಣ ಗೊತ್ತಾಗುತ್ತದೆ, ನಿಜವಾದ ಸಾವು ಹಾಗಿರುವುದಿಲ್ಲ. ಹಾಗೆಯೇ ಆ ಹಳದಿ ತಂತಿಯ ತುದಿಯನ್ನು ಬೆರಳಿಂದ ಮುಟ್ಟಬೇಡಿ, ಅದರೊಳಗೆ ಇಣುಕಲೂ ಬೇಡಿ. ಹದಿನೇಳು ಸೆಕೆಂಡಿನಲ್ಲಿ ರೂಟರ್ ಮೊಬೈಲ್‌ಗೆ ಹಾರಿತು. ನಾನು ಮುಷ್ಟಿ ಬಿಗಿದು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಎರಡು ಕೋಣೆಯಿಂದ ಒಟ್ಟಿಗೇ ಕೂಗು: "ನೆಟ್ ಹೋಯ್ತು!"

ನನ್ನ ಪರದೆಯಲ್ಲಿ 1.1.1.1ಕ್ಕೆ ಪಿಂಗ್ ಚೆನ್ನಾಗಿ ಹೋಗುತ್ತಿದೆ. ಯಾವ ಪುಟವೂ ತೆರೆಯುತ್ತಿಲ್ಲ. ಕಾರಣ ಡಿಎನ್‌ಎಸ್, ಅಂದರೆ ಜಾಲತಾಣದ ಹೆಸರಿಗೆ ಅದರ ಸಂಖ್ಯೆಯ ವಿಳಾಸ ಹೇಳುವ ವ್ಯವಸ್ಥೆ. ರೂಟರ್ ಆ ವಿಳಾಸಗಳನ್ನು ಕೇಳುತ್ತಿದ್ದದ್ದು ಫೈಬರ್ ಕಂಪನಿ ಕೊಟ್ಟಿದ್ದ ಸರ್ವರ್ ಬಳಿ. ಅದು ತನ್ನ ಗ್ರಾಹಕರಿಗೆ ಮಾತ್ರ ಉತ್ತರ ಕೊಡುತ್ತದೆ. ಮೊಬೈಲ್ ಕಡೆಯಿಂದ ಬಂದ ನಮ್ಮ ಪ್ರಶ್ನೆಗೆ ಬಾಗಿಲು ತೆರೆಯಲಿಲ್ಲ. ಎರಡೂ ವ್ಯಾನ್‌ಗಳಲ್ಲಿ ಕಂಪನಿಗಳ ಡಿಎನ್‌ಎಸ್ ಕಿತ್ತುಹಾಕಿ ಎಲ್ಲರಿಗೂ ತೆರೆದಿರುವ ಸರ್ವರ್‌ಗಳನ್ನು ಇಟ್ಟೆ.

ಎರಡನೇ ಸಲ ಎಳೆದಾಗ ಲ್ಯಾಪ್‌ಟಾಪ್‌ಗಳು ಸರಿ, ಎರಡು ಫೋನ್ ಮಾತ್ರ ಕುಂಟುತ್ತಿದ್ದವು. ಅದು ಐಪಿವಿ6, ಅಂದರೆ ಹಳೆಯ ಐಪಿವಿ4ರ ಜೊತೆಗೆ ಬಳಸುವ ಹೊಸ ಬಗೆಯ ವಿಳಾಸ. ಫೈಬರ್ ಲೈನ್ ಮನೆಯ ಪ್ರತಿ ಸಾಧನಕ್ಕೂ ತನ್ನದೇ ಐಪಿವಿ6 ವಿಳಾಸ ಕೊಟ್ಟಿತ್ತು. ಲೈನ್ ಸತ್ತರೂ ಫೋನ್‌ಗಳು ಆ ವಿಳಾಸವನ್ನು ಹಿಡಿದುಕೊಂಡೇ ಇದ್ದವು. ಐಪಿವಿ4ರಲ್ಲಿ ಹೆಬ್ಬಾಗಿಲಲ್ಲಿ ವಿಳಾಸ ಬದಲಿಸಿ ಕಳಿಸುತ್ತೇವೆ, ಆದ್ದರಿಂದ ಒಳಗಿನವರಿಗೆ ಯಾವ ಲೈನ್ ಅನ್ನುವುದೇ ಗೊತ್ತಾಗಬೇಕಾಗಿಲ್ಲ. ಐಪಿವಿ6ರಲ್ಲಿ ಸಾಮಾನ್ಯವಾಗಿ ಆ ಪರದೆ ಇಲ್ಲ. ಐಪಿವಿ6ರಲ್ಲೂ ಹೆಬ್ಬಾಗಿಲಲ್ಲಿ ವಿಳಾಸದ ಮುಂಭಾಗ ಬದಲಿಸುವ ಎನ್‌ಪಿಟಿವಿ6 ಎಂಬ ಉಪಾಯ 2011ರ ಆರ್‌ಎಫ್‌ಸಿ 6296ರಿಂದಲೂ ಇದೆ, ಎರಡು ಸಂಜೆ ಅದರೊಂದಿಗೆ ಗುದ್ದಾಡಿದೆ. ಸೋತು ಮನೆಯೊಳಗೆ ಐಪಿವಿ6 ನಿಲ್ಲಿಸಿದೆ. ಇದು ಒಳ್ಳೆಯ ಪರಿಹಾರ ಅಂತ ಹೇಳುತ್ತಿಲ್ಲ, ನನ್ನ ಶಕ್ತಿ ಅಲ್ಲಿಗೆ ಮುಗಿದಿತ್ತು.

ಚಿಕ್ಕಪುಟ್ಟವು ಇನ್ನೂ ಇದ್ದವು. ಫೈಬರ್ ವಾಪಸ್ ಬಂದರೂ ಹೆಂಡತಿಯ ವಿಪಿಎನ್ ಎಂಬ ಖಾಸಗಿ ಸಂಪರ್ಕ ಗಂಟೆಗಟ್ಟಲೆ ಮೊಬೈಲ್ ಮೇಲೇ ಇರುತ್ತಿತ್ತು, ಯಾಕೆಂದರೆ ಅದು ಆಗಾಗ ಒಂದು ಪ್ಯಾಕೆಟ್ ಕಳಿಸಿ ಕಾನ್‌ಟ್ರ್ಯಾಕ್ ಪುಸ್ತಕದ ಆ ಸಾಲನ್ನು ಅಳಿಸಲು ಬಿಡುವುದಿಲ್ಲ. ಲೈನ್ ಬದಲಾದಾಗ ಆ ಪುಸ್ತಕವನ್ನು ಖಾಲಿ ಮಾಡುವ ಆಯ್ಕೆ ಎಂವ್ಯಾನ್3ರಲ್ಲಿದೆ. ಅದನ್ನು ಹಾಕಿದರೆ ನಡೆಯುತ್ತಿರುವ ಎಲ್ಲ ಸಂಪರ್ಕ ಒಂದು ಕ್ಷಣ ಕಡಿಯುತ್ತದೆ, ನಾನು ಒಪ್ಪಿಕೊಂಡೆ. ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೋಡುವುದು ಮೊಬೈಲ್ ಲೈನ್‌ನಲ್ಲಿ ಆಗುವುದಿಲ್ಲ; ರೂಟರ್‌ಗೆ ಸಿಕ್ಕ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವು ಹಲವು ಗ್ರಾಹಕರಿಗೆ ಒಂದೇ ವಿಳಾಸ ಹಂಚುವ ಕಂಪನಿಯ ದೊಡ್ಡ ನ್ಯಾಟ್ ಹಿಂದೆ ಇದ್ದೀರಿ, ಹೊರಗಿನಿಂದ ಬಂದದ್ದನ್ನು ಒಳಗಿನ ಸಾಧನಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡ್ ಮಾಡಿ ಪ್ರಯೋಜನವಿಲ್ಲ. ಇನ್ನೊಂದು: ಇಷ್ಟೆಲ್ಲ ಮಾಡಿದ ಮೇಲೆ ಕರೆಂಟ್ ಹೋಯಿತು. ಎರಡೂ ಮೋಡೆಮ್ ಮತ್ತು ರೂಟರ್ ಯುಪಿಎಸ್ ಮೇಲಿದ್ದವು. ನಡುವೆ ಇದ್ದ ಅಂಗೈಯಗಲದ ನೆಟ್‌ವರ್ಕ್ ಸ್ವಿಚ್ ಮಾತ್ರ ಗೋಡೆಯ ಪ್ಲಗ್‌ನಲ್ಲಿತ್ತು.

ಖರ್ಚಿನ ಮಾತು. ತಿಂಗಳಿಗೆ ಎರಡು ಬಿಲ್. ಒಂದೇ ಸಲದ್ದರಲ್ಲಿ ದೊಡ್ಡದು ರೂಟರ್, ಆಮೇಲೆ ಮೊಬೈಲ್ ರೂಟರ್, ಯುಪಿಎಸ್. ಯುಎಸ್‌ಬಿ ಕಿಂಡಿ ಈಗ ಡಬ್ಬದಲ್ಲಿದೆ. ನೇರವಾಗಿ ಎರಡು ವ್ಯಾನ್ ಕಿಂಡಿ ಇರುವ ಸಿದ್ಧ ರೂಟರ್ ಕೊಂಡಿದ್ದರೆ ಹೆಚ್ಚುಕಡಿಮೆ ಇಷ್ಟೇ ದುಡ್ಡಿಗೆ ಎರಡು ವಾರದಲ್ಲಿ ಮುಗಿಯುತ್ತಿತ್ತು. ನಿಮಗೆ ಟಿಸಿಪಿಡಂಪ್ ನೋಡುವ ಹುಚ್ಚಿಲ್ಲದಿದ್ದರೆ ಅದನ್ನೇ ಮಾಡಿ.

ಎಲ್ಲ ಮುಗಿಯಿತು ಅಂತ ಹತ್ತು ದಿನ ಈ ಕಡೆ ತಲೆಯೇ ಹಾಕಲಿಲ್ಲ. ಮನೆಯಲ್ಲಿ ಒಂದು ಕೂಗೂ ಇಲ್ಲ. ಹೋದ ಗುರುವಾರ ಡೇಟಾ ಮಿತಿಯ ಶೇ 90 ಮುಗಿದಿದೆ ಅಂತ ಸಂದೇಶ ಬಂತು. ರೂಟರ್ ತೆರೆದು ನೋಡಿದರೆ ಫೈಬರ್ ಸತ್ತು ಒಂಬತ್ತು ದಿನವಾಗಿತ್ತು. ಒಂಬತ್ತು ದಿನ ನಾವು ಮೊಬೈಲ್ ಮೇಲೇ ಬದುಕಿದ್ದೆವು, ಮೂವರಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಟಿವಿ ಬರುತ್ತಿಲ್ಲ ಅನ್ನುವುದೂ ಗೊತ್ತಾಗಿರಲಿಲ್ಲ, ಪರೀಕ್ಷೆಯ ಗಲಾಟೆಯಲ್ಲಿ ಅದನ್ನು ಯಾರೂ ಹಾಕಿರಲಿಲ್ಲ. ಗ್ರಾಹಕ ಸೇವೆಗೆ ಫೋನ್ ಮಾಡಿದೆ.

"ಎಷ್ಟು ದಿನದಿಂದ ನೆಟ್ ಇಲ್ಲ ಸರ್?"

"ಒಂಬತ್ತು ದಿನ."

ಆಚೆ ಒಂದು ಕ್ಷಣ ಮೌನ. "ಇಷ್ಟು ದಿನ ಯಾಕೆ ಹೇಳಲಿಲ್ಲ ಸರ್?"

ಉತ್ತರ ಇರಲಿಲ್ಲ. ಮೋಡೆಮ್ ಒಂದ್ಸಲ ಆಫ್ ಮಾಡಿ ಆನ್ ಮಾಡಿದೆ.

ಭಾನುವಾರ ಸೇವ್ ಮಾಡಿದ ಕೊನೆಯ ಸೆಟ್ಟಿಂಗ್ ಇದೇ: ಲೈನ್ ಬದಲಾದಾಗ ಎಂವ್ಯಾನ್3 ಓಡಿಸುವ ಒಂದು ಸಣ್ಣ ಸ್ಕ್ರಿಪ್ಟ್ ಇದೆ, ಅದರಲ್ಲಿ ನನ್ನ ಫೋನಿಗೆ ಸಂದೇಶ ಕಳಿಸುವ ನಾಲ್ಕು ಸಾಲು. ಮೊದಲ ಸಂದೇಶ ಸೋಮವಾರ ನಸುಕಿನ 3:10ಕ್ಕೆ ಬಂತು, ಎರಡನೆಯದು 3:12ಕ್ಕೆ. ದಿಂಬಿನ ಪಕ್ಕದಲ್ಲಿ ಫೋನ್ ಎರಡು ಸಲ ಗುಂಯ್‌ಗುಟ್ಟಿತು. "ಮತ್ತೇನ್ ಮುಟ್ಟಿದ್ರಿ?" ಅಂದಳು ಕಣ್ಣು ಬಿಡದೆ. ಈಗ ರಾತ್ರಿಯ ಸಂದೇಶಗಳನ್ನು ಬೆಳಗ್ಗೆ ಏಳಕ್ಕೆ ಒಟ್ಟಿಗೆ ಕೊಡುವಂತೆ ಬದಲಿಸಿದ್ದೇನೆ.